ಅಕ್ಕನ ಕಿವಿಗೆ ಬಿದ್ದ ಮಾತು

ನನ್ನ ಅಕ್ಕನನ್ನು ಹುಚ್ಚಾಸ್ಪತ್ರೆಯಲ್ಲಿ ಉಳಿಸಿದವಳು ನಾನು. ಅವಳನ್ನು ಅಲ್ಲಿಗೆ ಕರೆದೊಯ್ದದ್ದು ಕಾಯಿಲೆ, ಅದು ನಿಜ. ಆದರೆ ಕಾಯಿಲೆ ವಾಸಿಯಾದ ಮೇಲೂ ವರ್ಷಗಟ್ಟಲೆ ಅವಳು ಅಲ್ಲೇ ಉಳಿದದ್ದು ನನ್ನ ಸುಳ್ಳಿನಿಂದ. ಹಾಡಹಗಲಲ್ಲಿ, ಅಮ್ಮನ ಎದುರಿಗೆ, ಅಕ್ಕನ ಎದುರಿಗೇ ಹೇಳಿದ ಸುಳ್ಳು.

ನಾವು ಕುಂದಾಪುರದ ಕಡೆಯವರು. ಅಪ್ಪಯ್ಯ ಮದರಾಸಿನ ಗಿಂಡಿಯಲ್ಲಿ ಕಾರ್ಖಾನೆಯವರಿಗೆ ಊಟ ಹಾಕುವ ಸಣ್ಣ ಹೋಟೆಲು ನಡೆಸುತ್ತಿದ್ದರು. ಮೇಲಿನ ಎರಡು ಕೋಣೆಗಳಲ್ಲಿ ನಮ್ಮ ಸಂಸಾರ. ಜಲಜಕ್ಕ ಮತ್ತು ನಾನು ತಮಿಳು ಶಾಲೆಗೆ ಹೋದವರು, ನೀರು ಕುಡಿದಷ್ಟು ಸುಲಭವಾಗಿ ತಮಿಳು ಆಡುತ್ತಿದ್ದೆವು. ಅಮ್ಮ ಮಾತ್ರ ಕೆಳಗಿಳಿದರೆ ಹೋಟೆಲಿನ ಅಡಿಗೆಮನೆ, ಮೇಲೆ ಬಂದರೆ ನಮ್ಮ ಅಡಿಗೆಮನೆ. ಎರಡೂ ಕಡೆ ಊರಿನದೇ ಭಾಷೆ. ತರಕಾರಿ ಕೊಳ್ಳುವಷ್ಟು ತಮಿಳು ಅವಳಿಗೆ ಬರುತ್ತಿತ್ತು, ಅದಕ್ಕಿಂತ ಹೆಚ್ಚು ಅವಳಿಗೆ ಬೇಕಾಗಲೂ ಇಲ್ಲ.

ಅಮ್ಮನಿಗೆ ಜಲಜಕ್ಕನೆಂದರೆ ಜೀವ. ಹುಳಿ ಕುದಿಯುವಾಗ, "ಜಲಜಾ, ಒಂಚೂರ್ ರುಚಿ ಕಾಣ್" ಎಂದು ಸೌಟು ಹಿಡಿದು ಕರೆಯುತ್ತಿದ್ದಳು. ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ. ಅಕ್ಕ ಸ್ನಾನಕ್ಕೆ ಹೋಗಿದ್ದರೆ ಅಮ್ಮ ಅವಳು ಬರುವವರೆಗೆ ಕಾಯುತ್ತಿದ್ದಳೇ ಹೊರತು ಸೌಟು ನನ್ನ ಕಡೆ ತಿರುಗುತ್ತಿರಲಿಲ್ಲ. ಇಷ್ಟು ಚಿಕ್ಕ ವಿಷಯ. ಬರೆಯುವಾಗ ನಾಚಿಕೆಯಾಗುತ್ತದೆ — ಆದರೆ ನನ್ನೊಳಗೆ ಬೆಂಕಿ ಬಿದ್ದದ್ದು ಇಂಥ ಚಿಕ್ಕ ಚಿಕ್ಕ ಕಡೆಗಳಲ್ಲೇ.

ಮದರಾಸು ಚೆನ್ನೈ ಆದ ಹೊಸತರಲ್ಲಿ ಅಕ್ಕನಿಗೆ ಧ್ವನಿಗಳು ಕೇಳತೊಡಗಿದವು. ಗೋಡೆಯಾಚೆಯಿಂದ ಯಾರೋ ಹೆಸರು ಹಿಡಿದು ಕರೆಯುತ್ತಾರೆ, ಬೈಯುತ್ತಾರೆ ಎಂದು ಕಿವಿ ಮುಚ್ಚಿಕೊಂಡು ಕೂರುತ್ತಿದ್ದಳು. ಊಟ ಬಿಟ್ಟಳು. ಒಂದು ಬೆಳಿಗ್ಗೆ ರೈಲು ಹಳಿಯ ಮೇಲೆ ನಡೆದು ಹೋಗುತ್ತಿದ್ದವಳನ್ನು ಹೋಟೆಲಿನ ಭಟ್ಟರು ಎಳೆದು ತಂದರು. ಆ ಮೇಲೆ ಸರ್ಕಾರಿ ಮಾನಸಿಕ ಆಸ್ಪತ್ರೆ. ಆ ಆಸ್ಪತ್ರೆಯಿರುವ ಪೇಟೆಯ ಹೆಸರೇ ಈ ಊರಿನಲ್ಲಿ ಬೈಗುಳ. ಅಪ್ಪಯ್ಯ ಸೇರಿಸುವ ದಿನ ಬಂದವರು ಮತ್ತೆ ಆ ಗೇಟು ದಾಟಲಿಲ್ಲ.

ಬಿಳಿಯರ ಕಾಲದಲ್ಲಿ ಕಟ್ಟಿದ ಜಾಗ ಅದು. ಎತ್ತರದ ಗೋಡೆ, ದೊಡ್ಡ ದೊಡ್ಡ ಮರಗಳು, ದೂರ ದೂರ ಹರಡಿದ ವಾರ್ಡುಗಳು. ಹಿಂದೆ ಊರಿನ ಕಣ್ಣಿಗೆ ಬೀಳದಂತೆ ಜನರನ್ನು ಕೂಡಿಹಾಕಲು ಗೋಡೆ ಕಟ್ಟಿದ್ದರಂತೆ. ಆಮೇಲೆ ಔಷಧಿಗಳು ಬಂದವು, ಸರಪಳಿ ಹೋಯಿತು, ಹೊಲಿಗೆ, ನೇಯ್ಗೆ ಕಲಿಸುವ ಕೋಣೆಗಳಾದವು. ಆದರೂ ಅಲ್ಲೇ ಮುದುಕಿಯರಾದ ಹೆಂಗಸರು ಮರದ ಕೆಳಗೆ ಸಾಲಾಗಿ ಕೂತಿರುತ್ತಿದ್ದರು. ಸೇರಿಸಿದವರು ಕೊಟ್ಟ ವಿಳಾಸಕ್ಕೆ ಹೋಗಿ ನೋಡಿದರೆ ಅಂಥ ಮನೆಯೇ ಇಲ್ಲವೆಂದು ಆಯಾ ಒಬ್ಬಳು ಹೇಳಿದಾಗ, "ಎಂಥ ಜನ!" ಎಂದು ಬೈದವಳು ನಾನೇ.

ಪ್ರತಿ ಭಾನುವಾರ ಅಮ್ಮ ಗಂಜಿ, ಚಟ್ನಿ ಕಟ್ಟಿಕೊಂಡು ಹೊರಡುತ್ತಿದ್ದಳು. ಭಾಷೆಗೆ ನಾನು ಜೊತೆಗೆ. ಅಲ್ಲಿ ಅಮ್ಮ ಅಕ್ಕನ ತಲೆಗೆ ಎಣ್ಣೆ ಹಚ್ಚಿ ಸಿಕ್ಕು ಬಿಡಿಸಿ ಜಡೆ ಹೆಣೆಯುತ್ತಿದ್ದಳು. ನಾನು ಚೀಲ ಹಿಡಿದು ನಿಂತಿರುತ್ತಿದ್ದೆ. ಅಕ್ಕ ಮನೆಯಲ್ಲಿ ಇಲ್ಲದಿದ್ದರೆ ಅವಳ ಜಾಗ ನನಗೆ ಸಿಗುತ್ತದೆ ಎಂದುಕೊಂಡಿದ್ದೆ. ಸಿಗಲಿಲ್ಲ. ಅಮ್ಮ ಈಗ ಹುಳಿಯ ರುಚಿಯನ್ನು ತಾನೇ ನೋಡಿಕೊಳ್ಳುತ್ತಿದ್ದಳು. ವಾರವಿಡೀ ಬಾಯಲ್ಲಿ ಜಲಜನ ಹೆಸರೇ. ಕಾಯಿಲೆ ಬಿದ್ದವಳ ಮೇಲೆ ಹೊಟ್ಟೆಕಿಚ್ಚು — ಇಂಥದ್ದು ಯಾರಿಗಾದರೂ ಇರುತ್ತದೆಯೇ? ನನಗಿತ್ತು.

ಅಂಥ ಭಾನುವಾರಗಳಲ್ಲೊಂದು ದಿನ ಡಾಕ್ಟರು ನಮ್ಮ ಬಳಿಗೇ ಬಂದರು. ಅಕ್ಕ ಆ ಹೊತ್ತಿಗೆ ಚೆನ್ನಾಗಿದ್ದಳು, ಧ್ವನಿಗಳು ನಿಂತು ತಿಂಗಳುಗಳಾಗಿದ್ದವು. ಡಾಕ್ಟರು ಸಂತೋಷದಿಂದಲೇ ನನಗೆ ಹೇಳಿದರು: "ನಲ್ಲಾ ಇರುಕ್ಕಾಂಗ. ವೀಟ್ಟುಕ್ಕು ಕೂಟ್ಟಿಟ್ಟು ಪೋಲಾಂಮಾ." ಚೆನ್ನಾಗಿದ್ದಾಳೆ, ಮನೆಗೆ ಕರೆದುಕೊಂಡು ಹೋಗಬಹುದು. ಮಾತ್ರೆ ಮಾತ್ರ ಬಿಡಬಾರದು.

ಅಮ್ಮ ನನ್ನ ತೋಳು ಹಿಡಿದಳು. "ಎಂತ ಹೇಳ್ರ್ ಹೆಣೆ? ಗುಣ ಆಯ್ತಂಬ್ರಾ?"

ಆ ಮುಖ — ಅಷ್ಟು ಆಸೆಯ ಮುಖವನ್ನು ಅಮ್ಮ ನನ್ನ ಯಾವ ವಿಷಯಕ್ಕೂ ಮಾಡಿರಲಿಲ್ಲ.

"ಇನ್ನೂ ಸ್ವಲ್ಪ ಸಮಯ ಇಲ್ಲೇ ಇರ್ಕ್ ಅಂಬ್ರ್" ಎಂದೆ.

ಅಮ್ಮ ಅಳುತ್ತಾ ಡಾಕ್ಟರಿಗೆ ಕೈಮುಗಿದಳು. ಹೇಗಾದರೂ ಗುಣ ಮಾಡಿ ಎಂದು ಮುಗಿದ ಕೈ ಅದು. ನಾನು ಡಾಕ್ಟರಿಗೆ ತಮಿಳಿನಲ್ಲಿ ಹೇಳಿದೆ: ಅಮ್ಮನಿಗೆ ಭಯ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ, ಇನ್ನು ಕೆಲವು ತಿಂಗಳು ಇಲ್ಲೇ ಇರಲಿ ಎಂದು ಬೇಡಿಕೊಳ್ಳುತ್ತಿದ್ದಾಳೆ. ಅವರ ಮುಖ ಸಣ್ಣದಾಯಿತು. ಮರದ ಕೆಳಗಿದ್ದ ಮುದುಕಿಯರ ಕಡೆ ಕೈ ತೋರಿಸಿ, "ಅವರ ಮನೆಯವರೂ ಕೆಲವು ತಿಂಗಳು ಅಂತಲೇ ಹೇಳಿದ್ದರಮ್ಮ" ಎಂದು ಹೊರಟುಹೋದರು.

ಇಷ್ಟಕ್ಕೇ ಮುಗಿದಿದ್ದರೆ! ಅಕ್ಕ ಅಲ್ಲೇ ಕೂತಿದ್ದಳಲ್ಲ. ಎರಡೂ ಭಾಷೆ ಬಲ್ಲವಳು, ಎಲ್ಲವನ್ನೂ ಕೇಳಿದವಳು. ತಡೆದು ತಡೆದು ಹೇಳಿದಳು:

"ಸುಳ್ಳ್, ಅಮ್ಮ. ಮನೆಗ್ ಕರ್ಕಂಡ್ ಹೋಯ್ಲಕ್ಕ್ ಅಂದ್ರ್. ನಾನೇ ಕೇಂಡೆ."

ಅಮ್ಮ ನನ್ನತ್ತ ತಿರುಗಿದಳು. ಆಗಲಾದರೂ ನಿಜ ಹೇಳಬಹುದಿತ್ತು. ನನಗೇ ತಪ್ಪಾಗಿ ಕೇಳಿಸಿತು ಅಂದಿದ್ದರೂ ಮುಗಿಯುತ್ತಿತ್ತು. ನಾನು ದನಿ ತಗ್ಗಿಸಿ, ಮರುಕದಿಂದೆಂಬಂತೆ ಹೇಳಿದೆ:

"ಅದ್ ಅವ್ಳಿಗ್ ಹಾಂಗ್ ಕೇಳ್ತತ್ತ್, ಅಮ್ಮ."

ಅಮ್ಮ ಅಕ್ಕನ ತಲೆಯನ್ನು ಎದೆಗೆ ಒತ್ತಿಕೊಂಡು ಗೊಳೋ ಎಂದು ಅತ್ತಳು. ಅಕ್ಕ ನನ್ನನ್ನು ನೋಡಿದಳು. ಕೋಪದಿಂದಲ್ಲ. ನಿಜವಾಗಿಯೂ ಹಾಗೆಯೇ ಇರಬಹುದೇ ಎಂದು ಕೇಳುವ ನೋಟ. ಮುಂದಿನ ವಾರ ಅಮ್ಮ ಕೈ ತೊಳೆಯಲು ಹೋದಾಗ ನನ್ನನ್ನು ಕೇಳಿಯೂ ಕೇಳಿದಳು — "ಡಾಕ್ಟ್ರ್ ಅದನ್ನ್ ಹೇಳ್ಲೇ ಇಲ್ವಾ?" ನಾನು ಇಲ್ಲವೆಂದೆ. ಆಮೇಲೆ ಅವಳು ಯಾರನ್ನೂ ಏನೂ ಕೇಳಲಿಲ್ಲ. ಆ ಡಾಕ್ಟರಿಗೆ ವರ್ಗವಾಯಿತು. ಹೊಸಬರ ಹತ್ತಿರ ಅವಳೇ, ತನಗೆ ಇಲ್ಲದ ಮಾತು ಕೇಳಿಸುತ್ತದೆ ಎಂದು ಹೇಳಿಕೊಂಡಳಂತೆ. ಮಾತ್ರೆ ಹೆಚ್ಚಾಯಿತು.

ಆಗ ನನ್ನ ಮದುವೆಯ ಮಾತು ನಡೆಯುತ್ತಿತ್ತು. ಸಂಬಂಧ ತಪ್ಪೀತೆಂದು ಹಾಗೆ ಮಾಡಿದೆ ಎಂದರೆ ಕೇಳಿದವರು ತಲೆಯಾಡಿಸಿ ಕ್ಷಮಿಸಿಯಾರು. ಆದರೆ ಆ ಮಧ್ಯಾಹ್ನ ಮದುವೆ ನನ್ನ ತಲೆಯಲ್ಲಿರಲಿಲ್ಲ. ಅಮ್ಮನ ಮುಖದ ಮೇಲಿನ ಆ ಆಸೆ ಆರಬೇಕಿತ್ತು, ಅಷ್ಟೆ.

ನಾನು ಮದುವೆಯಾಗಿ ಅದೇ ಊರಿನ ಪಲ್ಲಾವರಕ್ಕೆ ಬಂದೆ. ಅಮ್ಮನ ಮಂಡಿ ಕೆಟ್ಟಿತು, ಭಾನುವಾರಗಳು ತಪ್ಪತೊಡಗಿದವು. ಅಪ್ಪಯ್ಯ ಹೋದರು. ಹಿಂದೆಯೇ ಅಮ್ಮ — ಜಲಜನಿಗೆ ಗುಣವಾಗುವುದನ್ನು ನೋಡದೆ ಹೋಗುತ್ತಿದ್ದೇನೆಂದು ಕೊರಗಿಕೊಂಡೇ ಹೋದಳು. ಅವಳ ಕೈ ಹಿಡಿದು ಕೂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ.

ಎರಡು ಸಾವಿರದ ಇಸವಿಯ ನಂತರ ಆಸ್ಪತ್ರೆಯವರು ವಾಸಿಯಾದವರ ಮನೆಗಳನ್ನು ಹುಡುಕತೊಡಗಿದ್ದರು. ಹಾಗೆ ಒಬ್ಬರು ನಮ್ಮ ಬಾಗಿಲಿಗೂ ಬಂದರು. ನನ್ನ ಗಂಡ, ಬ್ಯಾಂಕಿನಲ್ಲಿ ಕೆಲಸ ಮಾಡುವ ಸಾಧು ಮನುಷ್ಯ, ಎರಡನೆಯ ಮಾತೇ ಆಡಲಿಲ್ಲ: "ನಿನ್ನ ಅಕ್ಕ ಅಲ್ದಾ? ಕರ್ಕಂಡ್ ಬಪ್ಪ." ಅಕ್ಕ ಬಂದಳು. ಕೂದಲು ನರೆತಿತ್ತು. ನೆಂಟರೆಲ್ಲ ನನ್ನನ್ನು ಹೊಗಳಿದರು. ಎಂಥ ತಂಗಿ!

ಅಕ್ಕ ಮನೆಗೆಲಸವೆಲ್ಲ ಮಾಡುತ್ತಿದ್ದಳು. ಆದರೆ ಬಾಗಿಲ ಗಂಟೆ ಬಾರಿಸಿದರೆ ಮೊದಲು ನನ್ನ ಮುಖ ನೋಡುತ್ತಿದ್ದಳು — "ನಿಂಗೂ ಕೇಳ್ತಾ?" ಕುಕ್ಕರ್ ಕೂಗಿದರೆ, ಫೋನು ಬಂದರೆ, ಯಾರಾದರೂ ಹೆಸರು ಹಿಡಿದು ಕರೆದರೆ, ಅದೇ ಪ್ರಶ್ನೆ. ನಾನು ಹೂಂ ಅನ್ನುವವರೆಗೆ ಕದಲುತ್ತಿರಲಿಲ್ಲ. ತನ್ನ ಕಿವಿಯ ಮೇಲೆ ಅವಳಿಗಿದ್ದ ನಂಬಿಕೆಯನ್ನೇ ನಾನು ಕಿತ್ತುಕೊಂಡಿದ್ದೆ.

ಒಂದು ದಿನ ಸೊಪ್ಪು ಬಿಡಿಸುತ್ತಾ ಕೂತಿದ್ದಾಗ ಹೇಳಿಬಿಟ್ಟೆ. ಹೇಗೆ ಶುರುಮಾಡಿದೆನೋ ನೆನಪಿಲ್ಲ. ಅಕ್ಕ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಕಟ್ಟು ಮುಗಿದ ಮೇಲೆ ಕೇಳಿದಳು:

"ಹಂಗಾರೆ ಅಮ್ಮ ನನ್ನ ಕರ್ಕಂಡ್ ಹೋತಿದ್ಲಾ?"

ಇಷ್ಟು ವರ್ಷ ಅವಳನ್ನು ತಿಂದದ್ದು ಅದು: ಅವತ್ತು ತಾನು ಕೇಳಿದ್ದು ನಿಜವೇ ಆಗಿದ್ದರೆ, ಅಮ್ಮನಿಗೇ ತಾನು ಬೇಡವಾದೆ ಎಂದು. ಅದನ್ನು ಕೇಳಿದಾಗಲೂ — ದೇವರೇ, ಆಗಲೂ — ನನ್ನೊಳಗೆ ಏನೋ ಚುರುಕ್ ಎಂದಿತು. ಮತ್ತೆ ಅಮ್ಮನನ್ನು ಅವಳಿಗೇ ಒಪ್ಪಿಸಬೇಕಲ್ಲ! ಒಪ್ಪಿಸಿದೆ. "ಅವತ್ತೇ ಕರ್ಕಂಡ್ ಹೋತಿದ್ಲ್. ನಡ್ಸ್ಕಂಡಾದ್ರೂ ಹೋತಿದ್ಲ್."

ಅಕ್ಕ ಕಣ್ಣು ಒರೆಸಿಕೊಂಡಳು. "ನನ್ನೊಬ್ಳ ಹತ್ರ ಹೇಳ್ರೆ ಸಾಲ. ನಾ ಹೇಳ್ರೆ ಯಾರೂ ನಂಬುದಿಲ್ಲ. ನೀನೇ ಎಲ್ಲರಿಗೂ ಹೇಳ್ಕ್."

ಗಂಡನಿಗೂ ಮಗಳಿಗೂ ಊಟಕ್ಕೆ ಕೂತಾಗ ಹೇಳಿದೆ. ಮಗಳಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ತಮಿಳು. ಅವಳು ನನ್ನನ್ನು ಕೇಳಲಿಲ್ಲ, ದೊಡ್ಡಮ್ಮನನ್ನು ಕೇಳಿದಳು: "ಪೆರಿಯಮ್ಮಾ, ನಿಜಮಾ?"

ಅಕ್ಕ ನನ್ನ ಮುಖ ನೋಡಲಿಲ್ಲ. "ಆಮಾಂ" ಎಂದಳು. ಹೌದು.

ಅಕ್ಕ ಕ್ಷಮಿಸಿದ್ದಾಳೋ ಇಲ್ಲವೋ ತಿಳಿಯದು, ಕೇಳುವ ಹಕ್ಕು ನನಗಿಲ್ಲ. ಉಳಿದವರಿಗೆ ಹೇಳಬೇಕಾದದ್ದನ್ನು ಇಲ್ಲಿ ಬರೆದಿದ್ದೇನೆ. ಮಗಳು ಈಗ ಶಾಲೆಯಿಂದ ಬಂದವಳೇ ದೊಡ್ಡಮ್ಮನ ಹತ್ತಿರ ಓಡುತ್ತಾಳೆ, ನನ್ನೊಡನೆ ಬೇಕಾದಷ್ಟೇ ಮಾತು. ಇಬ್ಬರೂ ತಲೆಗೆ ತಲೆ ತಾಗಿಸಿ ನಗುವುದು ಅಡಿಗೆಮನೆಗೆ ಕೇಳುತ್ತದೆ. ಹೊಟ್ಟೆಯಲ್ಲಿ ಉರಿ ಏಳುತ್ತದೆ. ವಯಸ್ಸಾಯಿತೆಂದು ಅದು ಸಾಯುವುದಿಲ್ಲ. ಏಳಲಿ. ಅವರಿಬ್ಬರ ನಡುವೆ ಹೋಗಿ ನಾನು ಬಾಯಿ ತೆರೆಯುವುದಿಲ್ಲ.