ಪೌಡರಕ್ಕನ ಗೇಟ್ ಪರೀಕ್ಷೆ

"ಕೆನ್ನೆ ಉಬ್ಬಿಸಿ. ಇನ್ನೂ ಸ್ವಲ್ಪ. ಹಾಂ, ಈಗ ಗಾಳಿ ಬಿಟ್ಟುಬಿಡಿ. ದವಡೆ ತಾನಾಗಿ ಜೋಲುಬೀಳಲಿ, ಯಾರೂ ನೋಡ್ತಿಲ್ಲ."

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೇಕರಿಯ ಮೇಲಿನ ಈ ಕೋಣೆಗೆ ಬಿಸಿ ಬ್ರೆಡ್ಡಿನ ಪರಿಮಳ ಮೆಟ್ಟಿಲು ಹತ್ತಿ ಬರುತ್ತಿದೆ. ಪೂರ್ವದ ಕಿಟಕಿಯ ಪಕ್ಕ ಒಂದು ಮರದ ಕುರ್ಚಿ. ಅದರಲ್ಲಿ ಕೊರಳಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಕೂತಿರುವವರು ಒಬ್ಬ ಗಾಯಕಿ. ಎದುರಿಗೆ ಸೊಂಟಕ್ಕೆ ಬ್ರಶ್ಶುಗಳ ಚೀಲ, ಕೊರಳಿಗೆ ಕ್ಯಾಮೆರಾ ತೂಗುಹಾಕಿಕೊಂಡು ನಿಂತಿರುವವರು ಪೌಡರಕ್ಕ. ಶಾಸ್ತ್ರೀಯ ಸಂಗೀತದವರಿಗೆ ಮೇಕಪ್ ಮಾಡಿ ಫೋಟೊ ತೆಗೆಯುವ ಈ ಹೆಂಗಸನ್ನು ಎಲ್ಲರೂ ಕರೆಯುವುದು ಹಾಗೆಯೇ. ಕಿಟಕಿಯ ಬೆಳಕು ಮುಖದ ಇನ್ನೊಂದು ಬದಿಗೂ ಬೀಳಲೆಂದು ಅವರ ಯಜಮಾನರು ದೊಡ್ಡ ಬಿಳಿ ಥರ್ಮೊಕೋಲ್ ಹಿಡಿದು ನಿಂತಿದ್ದಾರೆ. ಆರಡಿ ಎತ್ತರದ ಈ ನಿವೃತ್ತ ಬಸ್ ಮೆಕ್ಯಾನಿಕ್‌ಗೆ ಹೆಂಡತಿ ಕೊಟ್ಟಿರುವ ಬಿರುದು ಲೈಟುಕಂಬ.

"ಕಂಬ ಅಲ್ಲಾಡ್ತಿದೆ," ಎನ್ನುತ್ತಾರೆ ಪೌಡರಕ್ಕ, ತಿರುಗಿಯೂ ನೋಡದೆ.

"ಕಂಬಕ್ಕೆ ಇನ್ನೂ ಕಾಫಿ ಆಗಿಲ್ಲ," ಎಂದು ಕಂಬವೇ ಉತ್ತರ ಕೊಡುತ್ತದೆ. ಕುರ್ಚಿಯಲ್ಲಿದ್ದವರಿಗೆ ನಗು ಬರುತ್ತದೆ. ತಕ್ಷಣ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ.

ಹಾಗೆ ಮುಚ್ಚಿಕೊಳ್ಳುವುದಕ್ಕೆ ಕಾರಣವಿದೆ. ಹಾಡುವಾಗ, ನಗುವಾಗ ಅವರ ಬಾಯಿ ಎಡಕ್ಕೆ ಒಂದಿಷ್ಟು ವಾಲುತ್ತದೆ. ಚಿಕ್ಕಂದಿನಲ್ಲಿ ಅಣ್ಣತಮ್ಮಂದಿರು ಅದನ್ನು ಅಣಕಿಸಿ ಅಣಕಿಸಿ ಸುಸ್ತಾಗಿದ್ದಾರೆ. ಕನ್ನಡಿ ಮುಂದೆ ಕೂತು ವರ್ಷಗಟ್ಟಲೆ ಸಾಧನೆ ಮಾಡಿದರೂ ರಾಗಗಳು ಸರಿಹೋದವೇ ಹೊರತು ಬಾಯಿ ಸರಿಹೋಗಲಿಲ್ಲ. ಗುರುಗಳ ಹಿಂದೆ ಕೂತು ದನಿಗೂಡಿಸುವುದರಲ್ಲೇ ಅವರ ಅರ್ಧ ಆಯುಸ್ಸು ಕಳೆದಿದೆ. ಈಗ ಮೊದಲ ಸಲ ಊರಿನ ಸಂಗೀತ ಸಭಾಂಗಣದಲ್ಲಿ ಅವರದೇ ಕಚೇರಿ. ಬಾಗಿಲ ಪಕ್ಕದ ಗೋಡೆಗೆ ಅಂಟಿಸುವ ಪೋಸ್ಟರಿಗೆ ಫೋಟೊ ಬೇಕು, ಅದು ಈ ಬೆಳಿಗ್ಗೆ ಪ್ರೆಸ್ಸಿಗೆ ಹೋಗಲೇಬೇಕು.

ದೊಡ್ಡ ಸ್ಟುಡಿಯೊ ಒಂದರಲ್ಲಿ ಆಗಲೇ ತೆಗೆಸಿದ್ದಾರೆ. ಅಲ್ಲಿಯವರು ತುಟಿ ಬಿಗಿಯಾಗಿ ಮುಚ್ಚಿಸಿ, ಕಂಪ್ಯೂಟರಿನಲ್ಲಿ ಕೆನ್ನೆ ನುಣುಪು ಮಾಡಿ ಕೊಟ್ಟರಂತೆ. ಅದನ್ನು ನೋಡಿ ಅವರ ತಾಯಿ, "ಚೆನ್ನಾಗಿದ್ದಾರೆ. ಯಾರಿದು?" ಎಂದು ಕೇಳಿದರಂತೆ. ಬೇಸತ್ತ ಮಗಳು ಸಭಾಂಗಣಕ್ಕೆ ಫೋನ್ ಮಾಡಿ ಫೋಟೊ ಇಲ್ಲದೆಯೇ ಅಚ್ಚು ಹಾಕಿಸಿ ಎಂದಿದ್ದಾರೆ. "ಹಾಗಾದ್ರೆ ನಿಮ್ಮ ಗುರುಗಳ ಫೋಟೊನೇ ಹಾಕ್ತೀವಿ, ಜನ ಬರ್ತಾರೆ," ಎಂಬ ಉತ್ತರ ಬಂದಿದೆ. ತನ್ನ ಮೊದಲ ಕಚೇರಿಯ ಗೋಡೆಯ ಮೇಲೂ ಗುರುಗಳದೇ ಮುಖ ಇರಬೇಕೇ ಎಂದು ಕೇಳುತ್ತಾರೆ ಗಾಯಕಿ. ಪೌಡರಕ್ಕನ ಮೆಟ್ಟಿಲು ಹತ್ತಿರುವುದು ಆ ಸಂಕಟಕ್ಕೆ.

"ಸ್ಟುಡಿಯೊದವರು ಮುಖಾನೇ ಡೊಂಕು ಅಂದ್ರಂತೆ," ಎಂದು ಪೌಡರಕ್ಕ, ತಮ್ಮ ಬಗ್ಗೆ ಬರೆಯಲು ಬಂದು ಮೂಲೆಯಲ್ಲಿ ಕೂತಿರುವ ನನ್ನ ಕಡೆ ಕಣ್ಣು ಮಿಟುಕಿಸುತ್ತಾರೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಮಾತು ಹೀಗೆ ಜೋರಿದ್ದರೂ ತಾವು ಮಾಡಿದ ಎಡವಟ್ಟನ್ನು ಅವರು ಮುಚ್ಚಿಡುವುದಿಲ್ಲ, ಕೇಳದಿದ್ದರೂ ಹೇಳುತ್ತಾರೆ. ಕೆಲಸ ಕಲಿತದ್ದು ಮದುಮಗಳ ಅಲಂಕಾರ ಮಾಡುವ ಪಾರ್ಲರಿನಲ್ಲಿ. ಮೊದಲ ಸಲ ಒಬ್ಬ ಗಾಯಕಿ ಸಿಕ್ಕಾಗ ಅವರಿಗೂ ಮದುಮಗಳಂತೆಯೇ ಬಳಿದರು. ಮೂಗಿನ ಪಕ್ಕದ ದೊಡ್ಡ ಮಚ್ಚೆಯನ್ನು ಮುಚ್ಚಿ, ಉಳಿದ ಚೂರನ್ನು ಫೋಟೊದಿಂದಲೂ ಅಳಿಸಿದರು. ಕಚೇರಿಯ ಸಂಜೆ ಆ ಗಾಯಕಿ ಬರಿಮುಖದಲ್ಲಿ ಬಂದಿಳಿದಾಗ ಗೇಟಿನವನು ಪೋಸ್ಟರ್ ನೋಡಿದ, ಅವರನ್ನು ನೋಡಿದ. "ಗಾಯಕಿ ಇನ್ನೂ ಬಂದಿಲ್ಲಮ್ಮ. ನೀವು ಟಿಕೆಟ್ ತಗೊಂಡು ಬನ್ನಿ," ಎಂದ. ಅವರು ನಿಜವಾಗಿಯೂ ಟಿಕೆಟ್ ಕೊಂಡುಕೊಂಡೇ ಒಳಗೆ ಹೋಗಿ ಹಾಡಿದರು.

"ಮಾರನೇ ದಿನ ಆ ಟಿಕೆಟ್ ತಂದು ನನ್ನ ಕೈಗಿಟ್ಟರು. ಬೈಯಲಿಲ್ಲ, ನಕ್ಕರು. ಭೂಮಿ ಬಾಯಿಬಿಡಬಾರದಾ ಅನ್ನಿಸಿತು ನಂಗೆ," ಎಂದು ಪೌಡರಕ್ಕ ಈಗಲೂ ಹಣೆ ಚಚ್ಚಿಕೊಳ್ಳುತ್ತಾರೆ.

ಅಂದಿನಿಂದ ಗೇಟ್ ಪರೀಕ್ಷೆ ಶುರು. ತೆಗೆದ ಫೋಟೊವನ್ನು ಕೆಳಗಿನ ಬೇಕರಿಯವನಿಗೆ ತೋರಿಸುತ್ತಾರೆ. ಸಂಗೀತ ಅವನಿಗೆ ಅಷ್ಟಕ್ಕಷ್ಟೇ. ಬೆಳಿಗ್ಗೆ ಮೆಟ್ಟಿಲು ಹತ್ತಿದವರು ಇವರೇ ಎಂದು ಅವನು ತಡವರಿಸದೆ ಹೇಳಿದರೆ ಫೋಟೊ ಪಾಸು. "ಇವರ ತಂಗಿ ಇರಬೇಕು" ಎಂದನೋ, ಮುಖ ತೊಳೆದು ಮತ್ತೆ ಮೊದಲಿನಿಂದ.

ಬೇಕರಿಯವನ ಋಣ ಇಷ್ಟಕ್ಕೇ ಮುಗಿಯುವುದಿಲ್ಲ. ಗಾಯಕರ ಮುಖ ಅರಳುವುದು ಬೆಳಗಿನ ಸಾಧನೆಯ ನಂತರ. ಹಾಗಾಗಿ ಪೌಡರಕ್ಕ ಎಲ್ಲರನ್ನೂ ನಸುಕಿನಲ್ಲೇ ಕರೆಸಿ ಹಾಡಿಸುತ್ತಾರೆ. ಲೋಕ ಮಲಗಿರುವಾಗ ಯಾರೋ ತಾರಕಕ್ಕೆ ಏರಿದರೆ ನೆರೆಯವರು ಸುಮ್ಮನಿರುತ್ತಾರೆಯೇ? ಬಾಡಿಗೆಗೆ ಹಿಡಿದ ಕೋಣೆಗಳನ್ನೆಲ್ಲ ಒಂದೊಂದಾಗಿ ಬಿಡಬೇಕಾಯಿತು. ಒಮ್ಮೆಯಂತೂ ಕುರ್ಚಿಯಲ್ಲಿ ಕೂತ ಗಾಯಕರ ಸಮೇತ ಸಾಮಾನು ಬೀದಿಗೆ ಬಂತು. ಆ ಹೊತ್ತಿಗೆ ಎದ್ದಿರುವವನು ಬೇಕರಿಯವನೊಬ್ಬನೇ. "ನಾನು ಒಬ್ಬನೇ ಹಿಟ್ಟು ನಾದೋ ಹೊತ್ತು, ಹಾಡಿಕೊಳ್ಳಲಿ ಬಿಡಿ," ಎಂದು ಅವನು ಮಹಡಿ ಕೊಟ್ಟ.

ಮಾತನಾಡುತ್ತಲೇ ಪೌಡರಕ್ಕ ಬ್ರಶ್ ಆಡಿಸುತ್ತಿದ್ದಾರೆ. ತುಟಿಗೆ ಬಣ್ಣ ಹಚ್ಚಿ ಮೆತ್ತನೆಯ ಕಾಗದದಲ್ಲಿ ಒತ್ತಿ ತೆಗೆಯುತ್ತಾರೆ, ಬಾಯಿ ಅಗಲಿಸಿದಾಗ ಹಲ್ಲಿಗೆ ಮೆತ್ತಬಾರದು. ಕೆಳಗಿನ ರೆಪ್ಪೆಗೆ ಕಾಡಿಗೆ ಹಚ್ಚುವುದಿಲ್ಲ, ನಿಧಾನದ ಆಲಾಪದಲ್ಲಿ ಕೆಲವರ ಕಣ್ಣು ತುಂಬುತ್ತದೆ. ಕಿವಿಗೂ ತೆಳ್ಳಗೆ ಪೌಡರ್, ಏಕೆಂದರೆ ಮೇಲಿನ ಸ್ವರಕ್ಕೆ ಹೋದಾಗ ಮೊದಲು ಕೆಂಪಾಗುವುದು ಕಿವಿ. ಕೊರಳು ಮುಚ್ಚುವ ಹಾರಗಳಿಗೆ ಇಲ್ಲಿ ಪ್ರವೇಶವಿಲ್ಲ. "ದನಿ ಬರೋ ಜಾಗಾನೇ ಮುಚ್ಚಿದ್ರೆ ಒಡವೆ ಅಂಗಡಿ ಜಾಹೀರಾತು ಆಗುತ್ತೆ," ಎನ್ನುವುದು ಅವರ ವಾದ. ಗಂಡಸರ ವಿಷಯ ಎತ್ತಿದರೆ ನಿಟ್ಟುಸಿರು. "ಅವರಿಗೆ ಪೌಡರ್ ಹಚ್ಚೋದು ಬೆಕ್ಕಿಗೆ ಸ್ನಾನ ಮಾಡಿಸಿದ ಹಾಗೆ. ಆಮೇಲೆ ಕನ್ನಡಿ ಬಿಟ್ಟು ಏಳಲ್ಲ."

ಆ ಕನ್ನಡಿ ಸದ್ಯಕ್ಕೆ ಗೋಡೆಗೆ ಮುಖ ಮಾಡಿ ನಿಂತಿದೆ. ಕೆಲಸ ಮುಗಿಯುವವರೆಗೂ ಅದನ್ನು ತಿರುಗಿಸುವಂತಿಲ್ಲ.

ಎದುರು ಗೋಡೆಗೆ ಬಿಸಿಲು ತಾಗುತ್ತದೆ. "ಈಗ ಹಾಡಿ. ಕೆಳಗಿನ ಸ್ವರ, ಉಸಿರು ಇರೋವರೆಗೂ." ಗಾಯಕಿ ಕಣ್ಣು ಮುಚ್ಚಿ ಹಾಡತೊಡಗುತ್ತಾರೆ. ಬಾಯಿ ವಾಲುತ್ತದೆ. ಪೌಡರಕ್ಕ ಕ್ಯಾಮೆರಾ ಎತ್ತಿ ಹಿಡಿದಿದ್ದಾರೆ, ಒತ್ತುವುದಿಲ್ಲ. ಸ್ವರ ಸಣ್ಣಗಾಗಿ ನಿಲ್ಲುತ್ತದೆ. ಆಗ ಒತ್ತುತ್ತಾರೆ.

"ಸ್ವರ ಮುಗಿದು ಮುಂದಿನ ಉಸಿರು ತಗೊಳ್ಳೋ ಮುಂಚೆ, ಹಾಡೋರು ತಮ್ಮ ದನೀನ ತಾವೇ ಕೇಳಿಸ್ಕೋತಾರೆ," ಎಂದು ನನಗೆ ವಿವರಿಸುತ್ತಾರೆ. "ಆಗ ಮುಖಕ್ಕೆ ಯಾರ ಭಯಾನೂ ಇರಲ್ಲ."

ಗಾಯಕಿ ಕ್ಯಾಮೆರಾ ತಮ್ಮ ಕಡೆ ತಿರುಗಿಸಿಕೊಂಡು ಫೋಟೊ ನೋಡುತ್ತಾರೆ. "ಅಕ್ಕಾ, ಬಾಯಿ ವಾರೆ ಇದೆಯಲ್ಲ."

"ಇದೆ. ಅದನ್ನ ತೆಗೆದ್ರೆ ಗೇಟಿನವನು ಏನು ನೋಡಿ ಗುರುತು ಹಿಡೀಬೇಕು?"

ಪ್ರೆಸ್ಸಿಗೆ ಕಳಿಸಲು ಗಾಯಕಿಗೆ ಇನ್ನೂ ಧೈರ್ಯವಿಲ್ಲ. ಎಲ್ಲರೂ ಕೆಳಗಿಳಿಯುತ್ತೇವೆ, ಅವರು ಮಾತ್ರ ಮೆಟ್ಟಿಲ ತಿರುವಿನಲ್ಲೇ ಮರೆಯಾಗಿ ನಿಲ್ಲುತ್ತಾರೆ. ಬೇಕರಿಯವನು ಕೈಯ ಹಿಟ್ಟು ಒರೆಸಿಕೊಂಡು ಫೋಟೊ ನೋಡುತ್ತಾನೆ.

"ಮೇಲೆ ಹಾಡ್ತಿದ್ದೋರು ಇವರೇ ತಾನೆ?"

"ಬರೋವಾಗ ನೋಡಿದ್ಯಾ?"

"ಇಲ್ಲಕ್ಕ, ಒಲೆ ಮುಂದಿದ್ದೆ. ದನಿ ಕೇಳಿದ್ದೆ ಅಷ್ಟೆ. ಹೀಗೇ ಇರ್ತಾರೆ ಅಂದ್ಕೊಂಡಿದ್ದೆ."

ಮೆಟ್ಟಿಲ ತಿರುವಿನಿಂದ ನಗು ಕೇಳಿಸುತ್ತದೆ. ಗಾಯಕಿ ಇಳಿದು ಬರುತ್ತಾರೆ, ಈ ಸಲ ಕೈ ಬಾಯಿಗೆ ಹೋಗಿಲ್ಲ. "ಕಳಿಸಿಬಿಡಿ ಅಕ್ಕಾ," ಎನ್ನುತ್ತಾರೆ. ಲೈಟುಕಂಬಕ್ಕೆ ಕೊನೆಗೂ ಕಾಫಿ ಸಿಗುತ್ತದೆ, ಜೊತೆಗೆ ನನಗೂ.

ನಸುಕಿಗೇ ಏಳಬೇಕಾದ್ದರಿಂದ ಪೌಡರಕ್ಕ ಕಚೇರಿಗಳು ರಂಗೇರುವ ಹೊತ್ತಿಗೆ ನಿದ್ದೆಯಲ್ಲಿರುತ್ತಾರೆ. ತಾವು ಸಿಂಗರಿಸಿದ ಒಬ್ಬರೂ ಸಭಾಂಗಣದ ಒಳಗೆ ಹೋಗುವುದನ್ನು ಅವರು ಕಣ್ಣಾರೆ ಕಂಡಿಲ್ಲ. ಒಂದು ಸಲ ಆ ಗೇಟಿನ ಹತ್ತಿರ ನಿಂತು ನೋಡಬೇಕು ಎಂಬುದೊಂದೇ ಆಸೆ. ಗಾಯಕಿ ಉಚಿತ ಪಾಸು ಕೊಡಲು ಬಂದರೆ ಬೇಡವೆಂದು, ತಾವೇ ಟಿಕೆಟ್ ಕೊಂಡಿದ್ದಾರೆ.

ಕಚೇರಿಯ ಸಂಜೆ ನಾವು ಮೂವರೂ ಬಾಗಿಲ ಬಳಿ ನಿಂತಿದ್ದೇವೆ. ಯಜಮಾನರು ಆಗಲೇ ಆಕಳಿಸುತ್ತಿದ್ದಾರೆ. ಗಾಯಕಿ ಆಟೊದಿಂದ ಇಳಿದು ಬರುತ್ತಾರೆ. ಗೇಟಿನವನು ಗೋಡೆಯ ಕಡೆ ಒಮ್ಮೆ, ಅವರ ಕಡೆ ಒಮ್ಮೆ ನೋಡಿ, ಸ್ಟೂಲಿನಿಂದ ಎದ್ದು ನಿಂತು ಎರಡೂ ಬಾಗಿಲು ತೆರೆಯುತ್ತಾನೆ. "ಬನ್ನಿಮ್ಮಾ, ನಿಮಗೇ ಕಾಯ್ತಿದ್ದಾರೆ."

ಪೌಡರಕ್ಕನ ಕಣ್ಣು ತುಂಬಿದೆ. ಅವರು ಒಳಗೆ ಹೆಜ್ಜೆ ಇಡುತ್ತಿದ್ದಂತೆ ಗೇಟಿನವನ ಕೈ ಅಡ್ಡ ಬರುತ್ತದೆ.

"ಟಿಕೆಟ್ ಎಲ್ಲಮ್ಮ?"

ಪೌಡರಕ್ಕ ಚೀಲದಿಂದ ಟಿಕೆಟ್ ತೆಗೆದು ಕೊಡುತ್ತಾರೆ. "ನಿಮ್ಮನ್ನೇ ನಿಲ್ಲಿಸಿಬಿಟ್ಟನಲ್ಲ," ಎನ್ನುತ್ತೇನೆ ನಾನು.

"ನನ್ನನ್ನ ತಾನೆ?" ಎಂದು ಅವರು ಕಣ್ಣೊರೆಸಿಕೊಳ್ಳುತ್ತಾರೆ. "ಅವರನ್ನಲ್ಲವಲ್ಲ."