ಹನ್ನೊಂದನೆಯ ವಾಕ್ಯ

ಕ್ಯಾಸೆಟ್ಟಿನಲ್ಲಿದ್ದ ಆ ದನಿ ಶಾಂತಾಬಾಯಿ ಟೀಚರರದಲ್ಲ, ನನ್ನದು. ಅದು ಅವರದೇ ಎಂದು ಬರೆದು, ಕೆಳಗೆ ಸಹಿ ಹಾಕಿ, ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದವನೂ ನಾನೇ. ದಡ್ಡತನದಿಂದ ಶುರುವಾಯಿತು ಎನ್ನಬಹುದು — ನನ್ನ ದಡ್ಡತನಕ್ಕೆ ಜೇವರ್ಗಿಯಲ್ಲಿ ಸಾಕ್ಷಿಗಳ ಬರವಿಲ್ಲ — ಆದರೆ ಆ ಸಹಿ ದಡ್ಡತನವಲ್ಲ. ಪೂರ್ತಿ ಎಚ್ಚರದಲ್ಲಿ ಹಾಕಿದ್ದು.

ನನಗೆ ಹುಟ್ಟಿನಿಂದ ಒಂದೇ ಚಟ. ಗಂಡಾಗಲಿ ಹೆಣ್ಣಾಗಲಿ, ಯಾರ ದನಿ ಕೇಳಿದರೂ ಎರಡು ದಿನದಲ್ಲಿ ಅದು ನನ್ನ ಗಂಟಲಿಗೆ ಇಳಿಯುತ್ತದೆ. ಸೋದರಮಾವ ಕೆಮ್ಮುವ ರೀತಿ, ಅಫಜಲಪುರ ಬಸ್ಸಿನ ಕಂಡಕ್ಟರ್ ‘ರೈಟ್’ ಅನ್ನುವ ರೀತಿ, ಸ್ವಾಮಿಗಳು ಆಶೀರ್ವಚನದ ನಡುವೆ ಮಾತು ಮರೆತು ಕಣ್ಣು ಮುಚ್ಚುವ ರೀತಿ — ಎಲ್ಲ ಬರುತ್ತದೆ. ನಿನ್ನ ಸ್ವಂತ ದನಿ ಯಾವುದಪ್ಪಾ ಎಂದರೆ ಮಾತ್ರ ಸ್ವಲ್ಪ ತಡಕಾಡಬೇಕು.

ಬಿ.ಎ. ಮುಗಿಸಿ ಹಿಂದಿ ಕಲಿಯಲು ಡೆಹ್ರಾಡೂನಿಗೆ ಹೋದವನು ಅಲ್ಲೇ ಉಳಿದೆ. ಕೆಲಸ ಮಾತ್ರ ಕಲಬುರ್ಗಿಯದು. ಅಲ್ಲಿನ ಒಂದು ಅಂಚೆ ಶಿಕ್ಷಣ ಸಂಸ್ಥೆ ಕ್ಯಾಸೆಟ್ಟಿನ ಮೂಲಕ ಹಿಂದಿ ಮಾತಾಡಲು ಕಲಿಸುತ್ತಿತ್ತು. ‘ಹಿಮಾಲಯದ ತಪ್ಪಲಿನಿಂದ ನೇರ ಪಾಠ’ ಎಂದು ಅದರ ಜಾಹೀರಾತು. ಆ ಹಿಮಾಲಯ ನಾನು.

ಕ್ಯಾಸೆಟ್ಟಿನ ಒಂದು ಮಗ್ಗುಲಲ್ಲಿ ನನ್ನ ಪಾಠ, ಇನ್ನೊಂದು ಮಗ್ಗುಲಲ್ಲಿ ವಿದ್ಯಾರ್ಥಿಯ ಉತ್ತರ. ಉತ್ತರ ಕೇಳಿ, ನನ್ನ ಮಗ್ಗುಲಲ್ಲಿ ತಿದ್ದುಪಡಿ ಹೇಳಿ, ಅದೇ ಕ್ಯಾಸೆಟ್ಟನ್ನು ಮರಳಿ ಅಂಚೆಗೆ ಹಾಕುವುದು ನನ್ನ ಕೆಲಸ. ಹೋಗಲು ಎಂಟು ಹತ್ತು ದಿನ, ಬರಲು ಅಷ್ಟೇ. ಬೀದಿಯ ಗದ್ದಲ ಸೇರಬಾರದೆಂದು ಊರಿನಿಂದ ಒಯ್ದ ಕೌದಿಯನ್ನು ತಲೆಯ ಮೇಲೆ ಹೊದ್ದು ಪಾಠ ಹೇಳುತ್ತಿದ್ದೆ. ಕಿಟಕಿಯಲ್ಲಿ ಮಸ್ಸೂರಿಯ ಬೆಟ್ಟ. ನೋಡಿಕೊಂಡು ಹೋಗಲು ಬಂದವರಿಗೆ ಅದು ಚೆಂದ. ಚಳಿಗೆ ಬೆರಳು ಸೆಟೆದು ಟೇಪಿನ ಗುಂಡಿ ಒತ್ತಲಾಗದೆ ಕೂತವನಿಗೆ ಅದು ಎದುರು ಮನೆಯ ಜಗಳಗಂಟ.

ಕೋಣೆಯಲ್ಲಿ ಜೊತೆಗಿದ್ದ ಇಬ್ಬರು ಅಲ್ಲಿಯವರೇ. ನನ್ನನ್ನು ‘ಮದ್ರಾಸಿ’ ಅನ್ನುತ್ತಿದ್ದರು. ಜೇವರ್ಗಿ ಎಲ್ಲಿ, ಮದ್ರಾಸು ಎಲ್ಲಿ ಎಂದು ಮೊದಲ ತಿಂಗಳು ಜಗಳಾಡಿದೆ. ಎರಡನೆಯ ತಿಂಗಳು ಅವರನ್ನೇ ಅಣಕಿಸಿದೆ. ಮೂರನೆಯ ತಿಂಗಳಿನಿಂದ, ಅವರು ನಗಲಿ ಎಂದು, ನಮ್ಮವರನ್ನು ಅಣಕಿಸತೊಡಗಿದೆ.

ಶಾಂತಾಬಾಯಿ ಟೀಚರು ನನ್ನ ವಿದ್ಯಾರ್ಥಿನಿ. ಆಳಂದ ತಾಲ್ಲೂಕಿನ ಮಾದನಹಿಪ್ಪರಗಾದ ಒಂದು ಖಾಸಗಿ ಶಾಲೆಯಲ್ಲಿ ಹಂಗಾಮಿಯಾಗಿ ಹಿಂದಿ ಕಲಿಸುತ್ತಿದ್ದರು. ಮೌಖಿಕ ಪರೀಕ್ಷೆ ಪಾಸಾದರೆ ಕೆಲಸ ಕಾಯಂ. ಪರೀಕ್ಷೆಯ ಅರ್ಜಿಗೆ ಹೆಡ್ಮಾಸ್ತರರ ಸಹಿ ಬೇಕು. ಉತ್ತರ ಮುಗಿದ ಮೇಲೆ ಅವರು ಕನ್ನಡದಲ್ಲಿ ನಾಲ್ಕು ಮಾತು ಸೇರಿಸುತ್ತಿದ್ದರು — ತೊಗರಿ ಹೂ ಬಿಟ್ಟದ್ದು, ಆಳಂದದ ಬಸ್ಸು ತಪ್ಪಿದ್ದು, ಹೆಡ್ಮಾಸ್ತರರು ಮಧ್ಯಾಹ್ನ ಕುರ್ಚಿಯಲ್ಲೇ ತೂಕಡಿಸುವುದು. ಡೆಹ್ರಾಡೂನಿನಲ್ಲಿ ನನ್ನ ಕಿವಿಗೆ ಬೀಳುತ್ತಿದ್ದ ಕನ್ನಡ ಅಷ್ಟೇ. ಅದನ್ನು ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದೆ. ಅವರ ದನಿ ನನಗೆ ಬಂದದ್ದು ಆ ಹಸಿವಿನಲ್ಲಿ. ಬಂದ ದನಿಯನ್ನು ನಾನು — ಇರಲಿ, ಸರಿಯಾಗಿ ಹೇಳುತ್ತೇನೆ.

ಒಮ್ಮೆ ಆ ನಾಲ್ಕು ಮಾತುಗಳಲ್ಲಿ ಇದೂ ಬಂತು: “ಸರ್, ಸಿಟ್ಟಾಗಬ್ಯಾಡ್ರಿ. ನೀವು ಹೇಳೂ ಹಿಂದಿ ರೇಡಿಯೋದಾಗ ಸುದ್ದಿ ಓದೂರ ನಕಲ ಅನಸ್ತದ. ಎದುರಿಗಿ ಕುಂತು ಮನಷ್ಯಾ ಮಾತಾಡಿದಂಗ ಅನಸೂದಿಲ್ರಿ.”

ನಿಜವಾದ ಮಾತು. ಅದಕ್ಕೇ ಮೈ ಉರಿಯಿತು.

ಆ ಸಲದ ಅಭ್ಯಾಸ ‘ನಮ್ಮ ಶಾಲೆ’ — ಹಿಂದಿಯಲ್ಲಿ ಹತ್ತು ವಾಕ್ಯ. ಹತ್ತೂ ಸರಿಯಾಗಿದ್ದವು. ಜೊತೆಗಾರರು ಚಹಾ ಹಿಡಿದು, ಏನಾದರೂ ಮಾಡಿ ನಗಿಸು ಎಂದು ಕೂತಿದ್ದರು. ಹತ್ತನೆಯ ವಾಕ್ಯ ಮುಗಿದಲ್ಲಿ ಟೇಪು ನಿಲ್ಲಿಸಿ, ಅವರ ಕನ್ನಡ ಮಾತುಗಳ ಮೇಲೆಯೇ ನಾನು ರೆಕಾರ್ಡ್ ಒತ್ತಿದೆ. ಅವರದೇ ದನಿ, ನಮ್ಮ ಸೀಮೆಯ ಬೀದಿ ಹಿಂದಿ: “ಹಮಾರೆ ಹೆಡ್‌ಮಾಸ್ಟರ್ ಜಿಂದಾ ಹೈ ಕ್ಯಾ ನೈ, ಹಾಜ್ರೀ ಬುಕ್ ದೇಖ್‌ಕೇಚ್ ಬೋಲ್ನಾ.” ನಮ್ಮ ಹೆಡ್ಮಾಸ್ತರರು ಬದುಕಿದ್ದಾರೋ ಇಲ್ಲವೋ, ಹಾಜರಿ ಪುಸ್ತಕ ನೋಡಿಯೇ ಹೇಳಬೇಕು ಎಂದು. ಅದು ಹನ್ನೊಂದನೆಯ ವಾಕ್ಯ. ಹನ್ನೆರಡು, ಹದಿಮೂರನ್ನು ಇಲ್ಲಿ ಬರೆಯಲಾರೆ. ಅವುಗಳಲ್ಲಿ ಹೆಡ್ಮಾಸ್ತರರ ಹೆಂಡತಿಯೂ ಬಂದಿದ್ದರು.

ಅಳಿಸಬೇಕಿತ್ತು. ಅಂಚೆಗೆ ಹೊತ್ತಾಗಿತ್ತು, ಮರೆತೆ — ಎಂದು ಬಹಳ ವರ್ಷ ನನಗೇ ಹೇಳಿಕೊಂಡೆ. ಸುಳ್ಳು. ಲಕೋಟೆಗೆ ಹಾಕುವಾಗ ನೆನಪಾಗಿತ್ತು. ಕೇಳಲಿ, ನಕಲು ಅಂದರೆ ಏನೆಂದು ಈ ಶಾಂತಾಬಾಯಿಗೂ ತಿಳಿಯಲಿ ಎಂದು ಗೋಂದು ಹಚ್ಚಿದೆ.

ಅವರೊಬ್ಬರೇ ಕೇಳುತ್ತಾರೆ ಎಂದುಕೊಂಡಿದ್ದೆ. ಅವರ ಮನೆಯಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ. ಶಾಲೆಯಲ್ಲಿ ಇದ್ದದ್ದು ಒಂದು, ಮಾಸ್ತರರೆಲ್ಲ ಕೂಡುವ ಕೋಣೆಯಲ್ಲಿ. ಉತ್ತರ ಹೇಗೆ ಬಂದಿದೆ ನೋಡೋಣ ಎಂದು ಅವತ್ತು ಹೆಡ್ಮಾಸ್ತರರೇ ಕುರ್ಚಿ ಎಳೆದುಕೊಂಡು ಕೂತಿದ್ದರಂತೆ.

ಆ ದನಿ ನನ್ನದಲ್ಲ, ಪಾಠ ಹೇಳುವವರನ್ನು ವಿಚಾರಿಸಿರಿ ಎಂದು ಟೀಚರು ಸಂಸ್ಥೆಗೆ ಬರೆದರು. ಸಂಸ್ಥೆ ನನ್ನನ್ನು ಕೇಳಿತು. ನಿಜ ಹೇಳಿದರೆ ಕೆಲಸ ಹೋಗುತ್ತಿತ್ತು. ಜೇವರ್ಗಿಗೆ ಮರಳಿದರೆ ‘ಬಂದ್ಯಾ ಹಿಮಾಲಯ’ ಎಂದು ಓಣಿಯೇ ನಗುತ್ತಿತ್ತು. ಎಲ್ಲರನ್ನೂ ನಗೆಪಾಟಲು ಮಾಡಿದವನಿಗೆ ಅದೊಂದು ನಗೆ ಬೇಡವಾಗಿತ್ತು. ‘ಹತ್ತು ವಾಕ್ಯಗಳ ನಂತರ ಮುಂದುವರಿಸಿದವರು ವಿದ್ಯಾರ್ಥಿನಿಯೇ’ ಎಂದು ಬರೆದೆ. ಆ ಕಾಗದ ಶಾಲೆಗೆ ಹೋಯಿತು. ಹೆಡ್ಮಾಸ್ತರರು ಅರ್ಜಿಗೆ ಸಹಿ ಹಾಕಲಿಲ್ಲ. ಬೇಸಿಗೆ ರಜೆ ಮುಗಿಯುವುದರೊಳಗೆ ಆ ಜಾಗಕ್ಕೆ ಬೇರೆಯವರು ಬಂದರು. ಮಾದನಹಿಪ್ಪರಗಾದಿಂದ ಮತ್ತೆ ಕ್ಯಾಸೆಟ್ಟು ಬರಲಿಲ್ಲ. ನನ್ನ ಕೋಣೆಯಲ್ಲಿ ಕನ್ನಡ ನಿಂತುಹೋಯಿತು.

ಆರು ವರ್ಷದ ನಂತರ, ಸಂಸ್ಥೆ ಮುಚ್ಚಿ ನಾನು ಊರಿಗೆ ಬಂದ ಮೇಲೆ, ಆಳಂದಕ್ಕೆ ಹೋಗಿ ಅಲ್ಲಿಂದ ಮಾದನಹಿಪ್ಪರಗಾದ ಬಸ್ಸು ಹತ್ತಿದೆ. ಟೀಚರು ಅಂಗಳದಲ್ಲಿ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದರು. ಹೆಸರು ಹೇಳಿದೆ. ಕೂಡ್ರಿ ಎನ್ನಲಿಲ್ಲ. ನೀರು ಕೊಡಲಿಲ್ಲ. ನಮ್ಮ ಕಡೆ ವೈರಿಗೂ ನೀರು ಕೊಡುತ್ತಾರೆ.

“ಹೆಡ್ಮಾಸ್ತರ ಬೈದ್ರು, ಅದನ್ನ ಬಿಡ್ರಿ,” ಎಂದರು, ಮೊರದಿಂದ ತಲೆ ಎತ್ತದೆ. “ನಮ್ಮ ಮನಿಯವರೂ ‘ದನಿ ನಿಂದೇ ಐತಲ್ಲ ಬೇ’ ಅಂದ್ರು. ಇವತ್ತಿಗೂ ಹಂಗೇ ತಿಳದಾರ. ಗೊತ್ತದೇನ್ರಿ ನಿಮಗ?”

ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಮಾತುಗಳೆಲ್ಲ ಯಾರಯಾರದೋ ದನಿಯಲ್ಲಿ ಬಾಯಿಗೆ ಬಂದವು. ಎಲ್ಲ ನುಂಗಿ, “ತಪ್ಪಾತ್ರಿ ಅಕ್ಕೋರ,” ಎಂದೆ. “ನಿಮ್ಮ ಮುಂದ ಒಪ್ಕೊಳ್ಳಾಕಂತೇ ಬಂದೇನ್ರಿ. ಆ ದನಿ ನಿಮ್ದಲ್ಲ, ನಂದು.”

ಅವರು ಮೊರ ಕೆಳಗಿಟ್ಟರು.

“ನಂದಲ್ಲಂತ ನನಗ ಅವತ್ತೇ ಗೊತ್ತಿತ್ರಿ. ಗೊತ್ತಿಲ್ಲದವರಿಗಿ ಹೇಳ್ರಿ. ನಮ್ಮ ಮನಿಯವರು ಒಳಗ ಕುಂತಾರ — ಅವರಿಂದ ಶುರು ಮಾಡ್ರಿ.”