ಕುಲುಮೆ ಪಕ್ಕದ ಭೀಮಸೇನ

ಜಪಾನಿನ ಒಕಾಜಾಕಿಯ ಹೊರವಲಯದ ಆ ಕಾರ್ಖಾನೆಯಲ್ಲಿ ಅಲ್ಯೂಮಿನಿಯಂ ಕರಗಿಸಿ ಕಾರಿನ ಬಿಡಿಭಾಗಗಳ ಎರಕ ಹೊಯ್ಯುತ್ತಿದ್ದರು. ಯಂತ್ರ ಮುನಿಸಿಕೊಂಡರೆ ಎಲ್ಲರೂ ಮೊದಲು ಹುಡುಕುತ್ತಿದ್ದದ್ದು ಭೀಮಸೇನನನ್ನು. ಹರಿಹರದಲ್ಲಿ ಪಳಗಿದ ಕೈ ಅವನದು. ಊಟದ ಡಬ್ಬಿ ಅರ್ಧಕ್ಕೇ ಮುಚ್ಚಿಟ್ಟು ಓಡುತ್ತಿದ್ದ. ಸವೆದ ಪೈಪು ಒಡೆಯುವ ಮೊದಲೇ, ಯಾರೂ ಹೇಳದಿದ್ದರೂ ಬದಲಿಸಿಬಿಡುತ್ತಿದ್ದ. ಮನೆಯಲ್ಲೂ ಯಂತ್ರದ್ದೇ ಮಾತು. ಹೆಂಡತಿ ಹಂಸಾ ಅವನ ಮುಖದ ಗೆಲುವು ನೋಡಿ, ಅರ್ಥವಾಗದಿದ್ದರೂ ಹೂಂಗುಡುತ್ತಿದ್ದಳು.

ಅವನು ಕಾರ್ಖಾನೆಯ ನೌಕರನಲ್ಲ, ಏಜೆನ್ಸಿಯೊಂದು ಗುತ್ತಿಗೆಗೆ ಕಳಿಸಿದ ಆಳು. ಪಕ್ಕದಲ್ಲೇ ನಿಂತು ಅದೇ ಕೆಲಸ ಮಾಡುವವರಿಗೆ ವರ್ಷಕ್ಕೆರಡು ಬೋನಸ್, ಇವನಿಗೆ ಒಂದೂ ಇಲ್ಲ. ಅದನ್ನು ಹೇಗೋ ನುಂಗಿಕೊಂಡಿದ್ದ. ನುಂಗಲಾಗದ್ದು ಬೇಸಿಗೆ. ಕುಲುಮೆಯ ಬಳಿ ಎಳೆದುಕೊಂಡ ಉಸಿರೇ ಸುಡುತ್ತಿತ್ತು. ಎಸಿ ಇದ್ದ ವಿಶ್ರಾಂತಿ ಕೋಣೆ ಕಾಯಂ ನೌಕರರಿಗೆ ಮಾತ್ರ. ನಮಗೂ ಸ್ವಲ್ಪ ಹೊತ್ತು ಕೂರಲು ಬಿಡಿ ಎಂದು ಮೇಲ್ವಿಚಾರಕ ಮಿಜುನೋ ಸಾನ್ ಅವರನ್ನು ಕೇಳಿದ. ಅವರು ತಲೆ ಬಾಗಿಸಿ, ಅದನ್ನು ನಿಮ್ಮ ಏಜೆನ್ಸಿ ಕೇಳಬೇಕು ಎಂದರು. ಏಜೆನ್ಸಿ, ಅದು ಕಾರ್ಖಾನೆಗೆ ಬಿಟ್ಟದ್ದು ಎಂದಿತು.

ಆಗಸ್ಟ್‌ನ ಒಂದು ಮಧ್ಯಾಹ್ನ ಭೀಮಸೇನ ಯಂತ್ರದ ಬುಡದಲ್ಲೇ ಕುಸಿದುಬಿದ್ದ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಒಂದು ವಾರ ಮಲಗಿದ. ತಿಂಗಳ ಕೊನೆಗೆ ಆ ವಾರದ ಸಂಬಳ ಹಿಡಿದಿದ್ದರು. ವಿಚಾರಿಸಿದಾಗ ತಿಳಿಯಿತು: ಕಾರ್ಖಾನೆಗೆ ಕೆಟ್ಟ ಹೆಸರು ಬಾರದಿರಲೆಂದು, ಅವನು ಕೆಲಸದಲ್ಲಿ ಬಿದ್ದದ್ದಲ್ಲ, ಮನೆಯಲ್ಲಿ ಜ್ವರ ಬಂದಿತ್ತೆಂದು ಏಜೆನ್ಸಿ ಬರೆದುಕೊಟ್ಟಿತ್ತು.

ಅವನು ಜಗಳವಾಡಲಿಲ್ಲ. ಹೇಳಿದ ಕೆಲಸ ಮಾಡಿದ, ಹೇಳದ್ದನ್ನು ಮುಟ್ಟಲಿಲ್ಲ. ಪೈಪು ಜಿನುಗುವುದನ್ನು ನೋಡಿಯೂ ಸುಮ್ಮನೆ ದಾಟಿಹೋದ. ಅದು ಒಡೆದು ಉತ್ಪಾದನಾ ಲೈನು ನಿಂತಾಗ ನಿಧಾನಕ್ಕೆ ಸ್ಪ್ಯಾನರ್ ಹುಡುಕಿದ.

ಲೈನು ಮೇಲಿಂದ ಮೇಲೆ ನಿಂತಿತು. ನಗೋಯಾದಿಂದ ಏಜೆನ್ಸಿಯ ಮ್ಯಾನೇಜರ್ ಮಧುಕರ್ ಬಂದ, ಬೆಂಗಳೂರಿನವನು.

"ಏನ್ರೀ, ಮೊದ್ಲು ಎಷ್ಟ್ ಚೆನ್ನಾಗ್ ಕೆಲ್ಸ ಮಾಡ್ತಿದ್ರಿ. ಈಗ ಪರ್ಫಾರ್ಮೆನ್ಸ್ ಡೌನ್ ಅಂತ ಕಂಪ್ಲೇಂಟ್ ಬಂದಿದೆ. ಇಂಟರೆಸ್ಟ್ ಹೋಯ್ತಾ?"

"ಸರ್, ನಾನ್ ಬಿದ್ದಿದ್ದು ಮನೇಲಾ?"

ಮಧುಕರ್ ಫೋನಿನತ್ತ ಕಣ್ಣು ಹೊರಳಿಸಿದ. ಮತ್ತೆ ಗುತ್ತಿಗೆ ಸಿಗುವುದು ಕಷ್ಟ ಎಂದಷ್ಟೇ ಹೇಳಿ ಹೊರಟ. ಸಿಗಲೂ ಇಲ್ಲ.

ಕೆಲವು ತಿಂಗಳು ಅಲೆದಾಡಿದ ಮೇಲೆ ಸಣ್ಣದೊಂದು ಕಾರ್ಖಾನೆಯಲ್ಲಿ ಕಾಯಂ ಕೆಲಸವೇ ಸಿಕ್ಕಿತು. ಸಂಬಳ ನ್ಯಾಯವಾಗಿತ್ತು, ಎಲ್ಲರಿಗೂ ಒಂದೇ ವಿಶ್ರಾಂತಿ ಕೋಣೆ. ಮಾಲೀಕ ಹಯಾಶಿ ಸಾನ್ ಒಂದು ದಿನ ಅವನ ಪಕ್ಕಕ್ಕೆ ಬಂದು ಕೂತು, ಇಲ್ಲಿ ಏನಾದರೂ ಸುಧಾರಿಸಬೇಕೆನಿಸುತ್ತದೆಯೇ ಎಂದು ಕೇಳಿದರು. ಅವನಿಂದ ಕಲಿಯುವ ಆಸೆ ಅವರ ಮುಖದಲ್ಲಿ ಕಾಣುತ್ತಿತ್ತು.

ಮೂಲೆಯ ಮೋಟರಿನ ಸದ್ದು ಬದಲಾಗಿದ್ದು ಅಂದು ಬೆಳಿಗ್ಗೆಯೇ ಅವನ ಕಿವಿಗೆ ಬಿದ್ದಿತ್ತು. ಹೇಳಬೇಕೆಂದು ಬಾಯಿ ತೆರೆದ. ಹಿಂದಿನ ಆ ಹುಮ್ಮಸ್ಸು ಒಳಗಿನಿಂದ ಏಳಲಿಲ್ಲ.

"ಏನೂ ಇಲ್ಲ, ಎಲ್ಲ ಸರಿಯಾಗಿದೆ" ಎಂದ.

ಹಯಾಶಿ ಸಾನ್ ನಂಬಿ, ಅರಿಗಾತೋ ಎಂದು ಧನ್ಯವಾದ ಹೇಳಿ ಎದ್ದುಹೋದರು.